ಕ್ಯಾಂಪರ್ ವ್ಯಾನ್ ಪ್ರವಾಸ: ಕೆರೆ ದಂಡೆಯಲ್ಲಿ ಬೀಡುಬಿಡುವ ಮುನ್ನ

ದಾವಣಗೆರೆ: ಮಲಗಲು ಹಾಸಿಗೆ, ಅಡುಗೆಗೆ ಒಲೆ, ನೀರಿನ ಟ್ಯಾಂಕು, ಪುಟ್ಟದೊಂದು ಶೌಚಾಲಯ ಇವೆಲ್ಲವನ್ನೂ ಒಡಲಲ್ಲಿ ಇರಿಸಿಕೊಂಡು ಓಡುವ ವಾಹನವೇ ಕ್ಯಾಂಪರ್ ವ್ಯಾನ್. ವಿದೇಶಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಈ ಚಕ್ರದ ಮನೆ ಈಗ ಕರ್ನಾಟಕಕ್ಕೂ ಅಪರಿಚಿತವಲ್ಲ. ಇಂತಹ ವಾಹನಗಳನ್ನು ಬಾಡಿಗೆಗೆ ನೀಡುವ ಸಂಸ್ಥೆಗಳು ಬೆಂಗಳೂರಿನಲ್ಲಿವೆ. ರಾಜ್ಯದ 2020-25ರ ಪ್ರವಾಸೋದ್ಯಮ ನೀತಿಯಲ್ಲಿಯೂ ಕ್ಯಾರವಾನ್ ಪ್ರವಾಸಕ್ಕೆ ಸ್ಥಾನ ದೊರೆತಿತ್ತು.

ಹೋಟೆಲು ಬೇಕಿಲ್ಲ, ರೆಸಾರ್ಟಿಗಾಗಿ ಗುಡ್ಡ ಕಡಿಯಬೇಕಿಲ್ಲ, ಹಾಗಾಗಿ ಇದು ಪರಿಸರಕ್ಕೆ ಹಗುರವಾದ ಪ್ರವಾಸ ಎಂಬುದು ಇದರ ಪರವಾಗಿ ಕೇಳಿಬರುವ ಮುಖ್ಯ ವಾದ. ಈ ವಾದದಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವು ವಾಹನದ ತಯಾರಿಕೆಯನ್ನು ಅವಲಂಬಿಸಿಲ್ಲ. ಅದು ಎಷ್ಟು ಓಡುತ್ತದೆ, ಎಲ್ಲಿ ನಿಲ್ಲುತ್ತದೆ, ತನ್ನ ಕೊಳೆಯನ್ನು ಎಲ್ಲಿ ಇಳಿಸುತ್ತದೆ ಎಂಬುದನ್ನು ಅವಲಂಬಿಸಿದೆ. ಇದನ್ನು ಅರಿಯಲು ದಾವಣಗೆರೆ ಮತ್ತು ಹರಿಹರಗಳಿಗಿಂತ ಉತ್ತಮ ಉದಾಹರಣೆ ಸಿಗುವುದು ಕಷ್ಟ.

ನಡುದಾರಿಯ ನೀರಿನ ನಾಡು

ಬೆಂಗಳೂರಿನಿಂದ ಸುಮಾರು 260 ಕಿ.ಮೀ. ದೂರದಲ್ಲಿರುವ ದಾವಣಗೆರೆಯು ಪುಣೆಗೆ ಸಾಗುವ 48ನೇ ರಾಷ್ಟ್ರೀಯ ಹೆದ್ದಾರಿಯ (ಹಿಂದಿನ 4ನೇ ಹೆದ್ದಾರಿ) ಮೇಲಿದೆ. ಅಲ್ಲಿಂದ ಸುಮಾರು 14 ಕಿ.ಮೀ. ಮುಂದೆ ತುಂಗಭದ್ರೆಯ ದಂಡೆಯಲ್ಲಿ ಹರಿಹರವಿದೆ. ಹುಬ್ಬಳ್ಳಿ, ಬೆಳಗಾವಿ, ಹಂಪಿಯ ಕಡೆಗೆ ಹೊರಟ ಪ್ರವಾಸಿಗನಿಗೆ ಒಂದು ರಾತ್ರಿ ತಂಗಲು ಇದು ಸಹಜವಾದ ತಾಣ.

ನೋಡುವುದಕ್ಕೂ ಇಲ್ಲಿ ಕೊರತೆಯಿಲ್ಲ. ಹರಿಹರದಲ್ಲಿ ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, 13ನೇ ಶತಮಾನದ ಆದಿಯಲ್ಲಿ, ದಂಡನಾಯಕ ಪೊಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಚನ್ನಗಿರಿ ತಾಲ್ಲೂಕಿನಲ್ಲಿ ಸಂತೇಬೆನ್ನೂರಿನ ಪುಷ್ಕರಣಿ ಹಾಗೂ ಶಾಂತಿಸಾಗರವೆಂದೂ ಕರೆಯಲ್ಪಡುವ ಸೂಳೆಕೆರೆಗಳಿವೆ. ದಾವಣಗೆರೆ ನಗರದ ಅಂಚಿನಲ್ಲಿ ಕುಂದವಾಡ ಕೆರೆ, ಹರಿಹರದ ಬಳಿ ಕೊಂಡಜ್ಜಿ ಕೆರೆ ಇವೆ. ಕ್ಯಾಂಪರ್ ವ್ಯಾನಿನವರು ಹುಡುಕುವುದು ಇಂತಹ ದಂಡೆಗಳನ್ನೇ. ಮುಂಜಾನೆ ಬಾಗಿಲು ತೆರೆದರೆ ನೀರು ಕಾಣಬೇಕು ಎಂಬುದು ಅವರ ಆಸೆ.

ಆದರೆ ಈ ನೀರು ನೋಟಕ್ಕಷ್ಟೇ ಇರುವುದಲ್ಲ. ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆಯು ದಾವಣಗೆರೆಗೆ ಕುಡಿಯುವ ನೀರು ಪೂರೈಸುವ ಸಂಗ್ರಹಾಗಾರ. ನಗರಕ್ಕೆ ಹರಿಹರದ ಬಳಿಯ ರಾಜನಹಳ್ಳಿಯಿಂದ ತುಂಗಭದ್ರೆಯ ನೀರೂ ಬರುತ್ತದೆ. ಸೂಳೆಕೆರೆಯ ನೀರು ಚಿತ್ರದುರ್ಗದವರೆಗೆ ಕುಡಿಯಲು ಹೋಗುತ್ತದೆ. ಅದೇ ಕೆರೆಯಿಂದ ಹೊರಡುವ ಹರಿದ್ರಾ ಹಳ್ಳವು ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಹರಿದ ನದಿ ಹೊಸಪೇಟೆ ಬಳಿಯ ಜಲಾಶಯವನ್ನು ತುಂಬಿ ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಗಳಿಗೆ ಆಧಾರವಾಗುತ್ತದೆ. ಅಂದರೆ ಈ ಭಾಗದಲ್ಲಿ ಪ್ರವಾಸಿಗನು ವಾಹನ ನಿಲ್ಲಿಸಲು ಬಯಸುವ ಬಹುತೇಕ ಪ್ರತಿಯೊಂದು ದಂಡೆಯೂ ಯಾರದೋ ಮನೆಯ ಕುಡಿಯುವ ನೀರಿನ ಕೊಡದ ಅಂಚು. ಸುಸ್ಥಿರ ಪ್ರವಾಸದ ಚರ್ಚೆ ಇಲ್ಲಿಂದ ಆರಂಭವಾಗಬೇಕು.

ಈ ನದಿಯ ಹೊರೆ ಈಗಾಗಲೇ ಸಣ್ಣದಲ್ಲ. ನದಿಗೆ ಸೇರುತ್ತಿದ್ದ ಕಾರ್ಖಾನೆ ತ್ಯಾಜ್ಯದ ವಿರುದ್ಧ 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯವು ಈ ಭಾಗದಲ್ಲಿ ಹೋರಾಟ ನಡೆಸಿತ್ತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಗುರುತಿಸಿದ ರಾಜ್ಯದ 17 ಕಲುಷಿತ ನದಿಗಳ ಪಟ್ಟಿಯಲ್ಲಿ ತುಂಗಭದ್ರೆಯೂ ಇತ್ತು. ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯಲ್ಲಿ ಭಕ್ತರು ಸ್ನಾನದ ನಂತರ ನದಿಯಲ್ಲಿ ಬಿಟ್ಟುಹೋಗುವ ಬಟ್ಟೆಗಳ ರಾಶಿಯೂ ಹಳೆಯ ಸಮಸ್ಯೆ. ಪ್ರಯಾಣಿಕನು ಹಗುರಾಗಿ ಬಿಟ್ಟುಹೋದದ್ದು ಊರಿಗೆ ಭಾರವಾಗುವುದು ಹೀಗೆ.

ಹಳೆಯ ಬಂಡಿಯ ಪಾಠ

ಮನೆಯನ್ನೇ ಗಾಡಿಗೆ ಏರಿಸಿಕೊಂಡು ಹೊರಡುವುದು ಈ ಸೀಮೆಗೆ ಹೊಸದೇನೂ ಅಲ್ಲ. ಮೈಲಾರ, ಕುರುವತ್ತಿ ಜಾತ್ರೆಗಳಿಗೆ ರೈತ ಕುಟುಂಬಗಳು ಎತ್ತಿನ ಬಂಡಿ ಕಟ್ಟಿಕೊಂಡು, ಮೇಲೆ ಕಮಾನು ಹೊದಿಸಿ, ರೊಟ್ಟಿಯ ಗಂಟು, ಚಟ್ನಿಪುಡಿ, ಎತ್ತುಗಳಿಗೆ ಮೇವು ತುಂಬಿಕೊಂಡು ಹೋಗುವ ವಾಡಿಕೆ ತಲೆಮಾರುಗಳಿಂದ ಬಂದದ್ದು. ಟ್ರ್ಯಾಕ್ಟರುಗಳು ಬಂದ ಮೇಲೂ ಅದು ಪೂರ್ತಿ ಅಳಿದಿಲ್ಲ. ರಾತ್ರಿ ಬಂಡಿಯ ಕೆಳಗೆ ನಿದ್ದೆ, ಬಯಲಲ್ಲಿ ಮೂರು ಕಲ್ಲಿನ ಒಲೆ, ಮುತ್ತುಗದ ಎಲೆಯಲ್ಲಿ ಊಟ.

ಆ ಪ್ರಯಾಣ ಭೂಮಿಗೆ ಹಗುರವಾಗಿದ್ದುದಕ್ಕೆ ಎರಡು ಕಾರಣಗಳಿದ್ದವು. ಮೊದಲನೆಯದು ವೇಗ: ಬಂಡಿ ದಿನಕ್ಕೆ ಕೆಲವು ಹರದಾರಿಗಳಿಗಿಂತ ಹೆಚ್ಚು ಸಾಗುತ್ತಿರಲಿಲ್ಲ. ಎರಡನೆಯದು, ಬಿಟ್ಟುಹೋದ ಸಗಣಿ, ಎಲೆ, ಬೂದಿ ಎಲ್ಲವನ್ನೂ ಮಣ್ಣು ಅರಗಿಸಿಕೊಳ್ಳುತ್ತಿತ್ತು. ಕ್ಯಾಂಪರ್ ವ್ಯಾನ್ ಈ ಎರಡನ್ನೂ ತಲೆಕೆಳಗು ಮಾಡುತ್ತದೆ. ಅದು ಒಂದೇ ದಿನದಲ್ಲಿ ನೂರಾರು ಕಿ.ಮೀ. ಓಡಬಲ್ಲದು, ಅದು ಬಿಟ್ಟುಹೋಗುವ ಸೋಪು, ಪ್ಲಾಸ್ಟಿಕ್, ರಾಸಾಯನಿಕಗಳನ್ನು ಮಣ್ಣು ಅರಗಿಸಿಕೊಳ್ಳದು.

ಇಂಧನದ ಲೆಕ್ಕ

ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 2.7 ಕಿ.ಗ್ರಾಂ. ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಪೆಟ್ರೋಲಿಗೆ ಈ ಪ್ರಮಾಣ ಸುಮಾರು 2.3 ಕಿ.ಗ್ರಾಂ. ಬೆಂಗಳೂರಿನಿಂದ ಹೊರಟು ದಾವಣಗೆರೆ, ಹರಿಹರ, ಸೂಳೆಕೆರೆ ನೋಡಿ ಮರಳುವ ಪ್ರವಾಸವನ್ನು 650 ಕಿ.ಮೀ. ಎಂದು ಇಟ್ಟುಕೊಳ್ಳೋಣ. ಲೀಟರಿಗೆ 10 ಕಿ.ಮೀ. ಓಡುವ ಡೀಸೆಲ್ ಕ್ಯಾಂಪರ್ ವ್ಯಾನಿಗೆ 65 ಲೀಟರ್ ಬೇಕು. ಹೊರಸೂಸುವ ಇಂಗಾಲ ಸುಮಾರು 175 ಕಿ.ಗ್ರಾಂ. ಲೀಟರಿಗೆ 16 ಕಿ.ಮೀ. ಕೊಡುವ ಪೆಟ್ರೋಲ್ ಕಾರಿನಲ್ಲಿ ಇದೇ ದೂರಕ್ಕೆ ಸುಮಾರು 94 ಕಿ.ಗ್ರಾಂ. ಸಾಕು.

ಕಾರಿನವರು ಹೋಟೆಲಿನಲ್ಲಿ ತಂಗುವರಲ್ಲ ಎಂಬ ಪ್ರಶ್ನೆ ಸಹಜ. ಎರಡು ಕೋಣೆ, ಎರಡು ರಾತ್ರಿ, ರಾತ್ರಿಗೊಂದು ಕೋಣೆಗೆ ಹವಾನಿಯಂತ್ರಣಕ್ಕೆ 8 ಯೂನಿಟ್ ವಿದ್ಯುತ್ ಎಂದರೂ ಒಟ್ಟು 32 ಯೂನಿಟ್. ದೇಶದ ವಿದ್ಯುತ್ ಜಾಲದಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿ.ಗ್ರಾಂ. ಇಂಗಾಲದ ಲೆಕ್ಕದಂತೆ ಅದು ಸುಮಾರು 22 ಕಿ.ಗ್ರಾಂ. ಆಗುತ್ತದೆ. ಕೂಡಿಸಿದರೆ ಕಾರಿನವರದು 116, ವ್ಯಾನಿನವರದು 175. ಹೋಟೆಲಿನ ಇತರ ಖರ್ಚುಗಳನ್ನು ಸೇರಿಸಿದರೆ ಅಂತರ ಕಡಿಮೆಯಾದೀತು. ಆದರೂ ಅವಸರದ ವಾರಾಂತ್ಯದ ಓಟಕ್ಕೆ ಕ್ಯಾಂಪರ್ ವ್ಯಾನ್ ಹಸಿರು ವಾಹನವಲ್ಲ ಎಂಬುದು ಸ್ಪಷ್ಟ.

ಹಾಗಾದರೆ ಅದು ಯಾವಾಗ ಹಗುರವಾಗುತ್ತದೆ? ವ್ಯಾನಿನ ಹೊರೆ ಇರುವುದು ಓಟದಲ್ಲಿ, ನಿಲುಗಡೆಯಲ್ಲಲ್ಲ. ಅದೇ 650 ಕಿ.ಮೀ. ಪ್ರಯಾಣವನ್ನು ಎರಡು ದಿನದ ಬದಲು ಒಂದು ವಾರಕ್ಕೆ ಹಂಚಿದರೆ, ಇಬ್ಬರ ಬದಲು ನಾಲ್ವರು ಹೋದರೆ, ಪ್ರತಿ ವ್ಯಕ್ತಿಯ ಪ್ರತಿ ದಿನದ ಪಾಲು ಇಳಿಯುತ್ತದೆ. ಇಬ್ಬರು ಎರಡು ದಿನ ಹೋದರೆ ತಲೆಗೆ ದಿನಕ್ಕೆ ಸುಮಾರು 44 ಕಿ.ಗ್ರಾಂ.; ನಾಲ್ವರು ಏಳು ದಿನ ಹೋದರೆ ಕೇವಲ 6 ಕಿ.ಗ್ರಾಂ. ಹತ್ತು ಊರು ಮುಟ್ಟಿ ಬರುವುದಕ್ಕಿಂತ ಎರಡು ಊರಿನಲ್ಲಿ ಉಳಿದು ಬರುವವನೇ ನಿಜವಾಗಿ ಉಳಿತಾಯ ಮಾಡಿದವನು.

ಇನ್ನೂ ಕಡಿಮೆ ಬೇಕೆಂದವರಿಗೆ ರೈಲಿದೆ. ಬೆಂಗಳೂರು-ಹುಬ್ಬಳ್ಳಿ ಮಾರ್ಗದಲ್ಲಿ ದಾವಣಗೆರೆ, ಹರಿಹರ ಎರಡೂ ನಿಲ್ದಾಣಗಳಿವೆ. 2023ರ ಜೂನ್‌ನಲ್ಲಿ ಆರಂಭವಾದ ವಂದೇ ಭಾರತ್ ರೈಲಿಗೂ ದಾವಣಗೆರೆಯಲ್ಲಿ ನಿಲುಗಡೆ ಇದೆ. ದೂರದ ಓಟವನ್ನು ರೈಲಿಗೆ ಬಿಟ್ಟು, ಸುತ್ತಾಟಕ್ಕೆ ಮಾತ್ರ ವಾಹನ ಬಳಸುವ ವ್ಯವಸ್ಥೆ ಬಂದರೆ ಮೇಲಿನ ಲೆಕ್ಕದ ಬಹುಪಾಲು ಇಂಧನ ಉಳಿಯುತ್ತದೆ.

ಸೂರ್ಯ ಕೊಡುವುದು ಎಷ್ಟು?

ಕ್ಯಾಂಪರ್ ವ್ಯಾನಿನ ಚಾವಣಿಯ ಮೇಲೆ ಸೌರಫಲಕ ಅಳವಡಿಸುವುದು ಈಗ ಸಾಮಾನ್ಯ. 400 ವಾಟ್ ಫಲಕದಿಂದ ಬಯಲುಸೀಮೆಯ ಬಿಸಿಲಿನಲ್ಲಿ ನಷ್ಟ ಕಳೆದು ದಿನಕ್ಕೆ ಸುಮಾರು ಒಂದೂವರೆ ಯೂನಿಟ್ ನಿರೀಕ್ಷಿಸಬಹುದು. ಹೊಸ ಮಾದರಿಯ ಎರಡು ಫ್ಯಾನುಗಳನ್ನು ರಾತ್ರಿಯಿಡೀ ಓಡಿಸಲು ಮುಕ್ಕಾಲು ಯೂನಿಟ್‌ಗಿಂತ ಕಡಿಮೆ ಸಾಕು. ಪುಟ್ಟ ಫ್ರಿಜ್‌ಗೆ ಅರ್ಧ ಯೂನಿಟ್. ಎಲ್‌ಇಡಿ ದೀಪ, ಮೊಬೈಲ್ ಫೋನುಗಳಿಗೆ ಉಳಿದದ್ದು. ಲೆಕ್ಕ ಸರಿಹೋಗುತ್ತದೆ.

ಸರಿಹೋಗದಿರುವುದು ಹವಾನಿಯಂತ್ರಣ. ಒಂದು ರಾತ್ರಿಗೆ ಅದಕ್ಕೆ ಬೇಕಾಗುವ ಐದಾರು ಯೂನಿಟ್ ವಿದ್ಯುತ್ತನ್ನು ಈ ಚಾವಣಿ ಕೊಡಲಾರದು. ಆಗ ಎಂಜಿನ್ ಅಥವಾ ಜನರೇಟರ್ ಓಡಿಸಬೇಕಾಗುತ್ತದೆ. ಅದರ ಹೊಗೆ ಮತ್ತು ಸದ್ದು ದಂಡೆಯ ಶಾಂತಿಯನ್ನು ಕೆಡಿಸುವುದಲ್ಲದೆ, ಮುಚ್ಚಿದ ವಾಹನದೊಳಗೆ ಕಾರ್ಬನ್ ಮೊನಾಕ್ಸೈಡ್ ಸೇರಿದರೆ ಪ್ರಾಣಾಪಾಯವೂ ಉಂಟು. ಇದಕ್ಕೆ ಪರಿಹಾರ ಯಂತ್ರದಲ್ಲಿಲ್ಲ, ಪಂಚಾಂಗದಲ್ಲಿದೆ. ಏಪ್ರಿಲ್-ಮೇ ತಿಂಗಳ ದಾವಣಗೆರೆಯ ಬೇಗೆಯನ್ನು ಬಿಟ್ಟು ಅಕ್ಟೋಬರಿನಿಂದ ಫೆಬ್ರವರಿಯೊಳಗೆ ಹೊರಟರೆ ಫ್ಯಾನು ಸಾಕು. ಬೇಸಿಗೆಯಲ್ಲಿ ನದಿಯ ಹರಿವೂ ಕ್ಷೀಣಿಸಿರುತ್ತದೆ. ಆಗ ಬಿದ್ದ ಕೊಳೆ ತೆಳುವಾಗದೆ ಅಲ್ಲೇ ಉಳಿಯುತ್ತದೆ ಎಂಬುದೂ ಗಮನಾರ್ಹ.

ಅಡುಗೆ ಅನಿಲದ ಬಗ್ಗೆಯೂ ಎಚ್ಚರ ಬೇಕು. ಈ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲಮಟ್ಟದಲ್ಲಿ ಸಂಗ್ರಹವಾಗುತ್ತದೆ. ಸಿಲಿಂಡರ್ ಇರಿಸುವ ಗೂಡಿಗೆ ತಳಭಾಗದಲ್ಲಿಯೇ ಹೊರಗಾಳಿಯ ಕಿಂಡಿ ಇರಬೇಕು. ವಾಹನ ಚಲಿಸುವಾಗ ಒಲೆ ಹಚ್ಚಬಾರದು. ಸಿಲಿಂಡರಿನ ಕವಾಟವನ್ನೂ ಮುಚ್ಚಿರಬೇಕು.

ತುಂಬುವುದು ಸುಲಭ, ಚೆಲ್ಲುವುದು ಕಷ್ಟ

ನಗರ ನೀರು ಸರಬರಾಜಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀಡಬೇಕೆಂಬುದು ಪ್ರಚಲಿತ ಮಾನದಂಡ. ಕ್ಯಾಂಪರ್ ವ್ಯಾನಿನ ಟ್ಯಾಂಕು 100 ಲೀಟರಿನದ್ದಾದರೆ, ನಾಲ್ವರು ಎರಡು ದಿನ ಬಳಸಲು ತಲೆಗೆ ದಿನಕ್ಕೆ ಹನ್ನೆರಡೂವರೆ ಲೀಟರ್ ಮಾತ್ರ. ಒಂದು ಬಕೆಟ್ ಸ್ನಾನಕ್ಕೂ ಸಾಲದ ನೀರಿದು. ಈ ದೃಷ್ಟಿಯಿಂದ ಕ್ಯಾಂಪರ್ ವ್ಯಾನ್ ಒಳ್ಳೆಯ ಗುರು. ಮನೆಯಲ್ಲಿ ಎಷ್ಟು ನೀರು ಪೋಲಾಗುತ್ತಿದೆ ಎಂಬುದನ್ನು ಎರಡೇ ದಿನಗಳಲ್ಲಿ ಕಲಿಸುತ್ತದೆ.

ಕಷ್ಟ ಆರಂಭವಾಗುವುದು ಬಳಸಿದ ನೀರಿನಿಂದ. ಪಾತ್ರೆ ತೊಳೆದ, ಮುಖ ತೊಳೆದ ಬಚ್ಚಲ ನೀರಿನಲ್ಲಿ ಎಣ್ಣೆ, ಸೋಪು, ಅನ್ನದ ಅಗುಳು ಇರುತ್ತವೆ. ಅದನ್ನು ಹಿಡಿದಿಡುವ ಪ್ರತ್ಯೇಕ ಟ್ಯಾಂಕು ವಾಹನದಲ್ಲಿ ಇರಲೇಬೇಕು. ತುಂಬಿದಾಗ ಅದನ್ನು ಒಳಚರಂಡಿಗೆ ಸೇರುವ ಬಚ್ಚಲಿನಲ್ಲಿ ಖಾಲಿ ಮಾಡಬೇಕು. ಬೇರೆ ದಾರಿ ಇಲ್ಲದಿದ್ದರೆ ಅಗುಳುಗಳನ್ನು ಸೋಸಿ ತೆಗೆದು, ಕೆರೆ, ಬಾವಿ, ಹಳ್ಳಗಳಿಂದ ಕನಿಷ್ಠ 60 ಮೀಟರ್ ದೂರದಲ್ಲಿ, ಜಾಗದ ಒಡೆಯರ ಒಪ್ಪಿಗೆ ಪಡೆದು, ಮಣ್ಣಿನ ಮೇಲೆ ತೆಳುವಾಗಿ ಹರಡಬಹುದು. ಸಾವಯವ ಎಂಬ ಚೀಟಿ ಹೊತ್ತ ಸೋಪನ್ನೂ ನೇರವಾಗಿ ನೀರಿನಲ್ಲಿ ಬಳಸಬಾರದು. ಅದು ಕರಗಿ ಹಾಳಾಗಲು ಮಣ್ಣಿನ ಸೂಕ್ಷ್ಮಜೀವಿಗಳು ಬೇಕು. ನದಿಯಲ್ಲಿ ಮುಳುಗು ಹಾಕಬಯಸುವವರು ಸೋಪು, ಶಾಂಪೂಗಳನ್ನು ವಾಹನದಲ್ಲಿಯೇ ಬಿಟ್ಟು ಇಳಿಯುವುದು ಒಳಿತು.

ಶೌಚದ ಪೆಟ್ಟಿಗೆ

ಯಾರೂ ಮಾತನಾಡಲು ಬಯಸದ, ಆದರೆ ಎಲ್ಲಕ್ಕಿಂತ ಮುಖ್ಯವಾದ ವಿಷಯವಿದು. ಕ್ಯಾಂಪರ್ ವ್ಯಾನುಗಳಲ್ಲಿ ಸಾಮಾನ್ಯವಾಗಿ ಬಳಸುವ ಎಳೆದು ತೆಗೆಯಬಹುದಾದ ಶೌಚಪೆಟ್ಟಿಗೆಯ ಗಾತ್ರ ಸುಮಾರು 20 ಲೀಟರ್. ನಾಲ್ವರ ಬಳಕೆಗೆ ಅದು ಎರಡು ದಿನದಲ್ಲಿ ತುಂಬುತ್ತದೆ. ಕತ್ತಲಲ್ಲಿ ಹೆದ್ದಾರಿ ಬದಿಯ ಚರಂಡಿಗೆ ಸುರಿದುಬಿಡುವ ಆಮಿಷ ಹುಟ್ಟುವುದು ಆಗಲೇ. ಆ ಚರಂಡಿ ಮಳೆನೀರಿನದು. ಅದು ಸೇರುವುದು ಹಳ್ಳವನ್ನು, ಹಳ್ಳ ಸೇರುವುದು ನದಿಯನ್ನು. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯಿದೆಯು ಮಾಲಿನ್ಯಕಾರಕ ವಸ್ತುವನ್ನು ತಿಳಿದೂ ನೀರಿನ ಮೂಲಗಳಿಗೆ ಬಿಡುವುದನ್ನು ನಿಷೇಧಿಸಿದೆ.

ಪೆಟ್ಟಿಗೆಯನ್ನು ಒಳಚರಂಡಿ ಜಾಲಕ್ಕೆ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಸೇರಿದ ಶೌಚಾಲಯದಲ್ಲಿ ಮಾತ್ರ, ಅನುಮತಿ ಪಡೆದು ಖಾಲಿ ಮಾಡಬೇಕು. ವಾಸನೆ ತಡೆಯಲು ಬಳಸುವ ಫಾರ್ಮಾಲ್ಡಿಹೈಡ್ ಬೆರೆತ ದ್ರಾವಣಗಳು ಸೆಪ್ಟಿಕ್ ಟ್ಯಾಂಕಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುವುದರಿಂದ ಜೈವಿಕ ದ್ರಾವಣಗಳನ್ನು ಬಳಸುವುದು ಲೇಸು. ಮೂತ್ರವನ್ನು ಬೇರ್ಪಡಿಸಿ, ಮಲದ ಮೇಲೆ ಒಣ ಹೊಟ್ಟು ಮುಚ್ಚುವ ಒಣ ಶೌಚಾಲಯ ಇನ್ನೊಂದು ದಾರಿ. ಮರದ ಹೊಟ್ಟಿನ ಬದಲು ಭತ್ತದ ಹೊಟ್ಟನ್ನೂ ಬಳಸಬಹುದು. ಭದ್ರಾ ಅಚ್ಚುಕಟ್ಟಿನ ಅಕ್ಕಿ ಗಿರಣಿಗಳ ಸೀಮೆಯಲ್ಲಿ ಅದಕ್ಕೆ ಬರವಿಲ್ಲ.

ಇದು ಆಗದ ಮಾತೇನಲ್ಲ. ಒಂದು ಕಾಲಕ್ಕೆ ಭಾರತೀಯ ರೈಲುಗಳ ಶೌಚವೆಲ್ಲ ಹಳಿಗಳ ಮೇಲೆ ಬೀಳುತ್ತಿತ್ತು. ರಕ್ಷಣಾ ಸಂಶೋಧನಾ ಸಂಸ್ಥೆಯೊಂದಿಗೆ ಸೇರಿ ರೂಪಿಸಿದ ಜೈವಿಕ ಶೌಚಾಲಯಗಳು ಬೋಗಿಗಳಲ್ಲಿ ಬಂದ ಮೇಲೆ ಆ ಸ್ಥಿತಿ ಬದಲಾಯಿತು.

ಕಾನೂನು ಏನು ಹೇಳುತ್ತದೆ?

ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನನ್ನು ಕೇಂದ್ರ ಸರ್ಕಾರವು ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿ ಸೇರಿಸಿದೆ. ಬಾಡಿಗೆಗೆ ಓಡಿಸುವುದಾದರೆ ಪರವಾನಗಿಯ ನಿಯಮಗಳೇ ಬೇರೆ. ಹಳೆಯ ಟೆಂಪೋ ಅಥವಾ ವ್ಯಾನನ್ನು ಮನಬಂದಂತೆ ಮಾರ್ಪಡಿಸಿ ಮನೆ ಮಾಡಿಕೊಳ್ಳುವಂತಿಲ್ಲ. ಮೋಟಾರು ವಾಹನ ಕಾಯಿದೆಯ 52ನೇ ಕಲಮು ನೋಂದಣಿ ಪತ್ರದ ವಿವರಗಳಿಗೆ ಹೊಂದದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಆದ್ದರಿಂದ ಕೆಲಸಕ್ಕೆ ಕೈಹಾಕುವ ಮುನ್ನವೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ನಿಲ್ಲುವ ಜಾಗಕ್ಕೂ ಒಪ್ಪಿಗೆ ಬೇಕು. ಕೆರೆಯ ಏರಿ, ನಾಲೆಯ ಬದು, ಅರಣ್ಯದ ಅಂಚು ಇವು ಯಾರದೂ ಅಲ್ಲದ ಜಾಗಗಳಲ್ಲ. ನೀರಾವರಿ, ಅರಣ್ಯ ಇಲಾಖೆಗಳದ್ದೋ ಪಂಚಾಯಿತಿಯದ್ದೋ ಆಗಿರುತ್ತವೆ. ಹೆದ್ದಾರಿಯ ಅಂಚಿನಲ್ಲಿ ರಾತ್ರಿ ವಾಹನ ನಿಲ್ಲಿಸುವುದಂತೂ ಅಪಘಾತಕ್ಕೆ ಆಹ್ವಾನ. ಲಾರಿ ತಂಗುದಾಣ, ಅನುಮತಿ ನೀಡುವ ಪೆಟ್ರೋಲ್ ಬಂಕ್, ಲಾಡ್ಜ್‌ನ ಅಂಗಳ ಅಥವಾ ರೈತರ ತೋಟ ಸುರಕ್ಷಿತ.

ನ್ಯೂಜಿಲೆಂಡಿನ ಅನುಭವ ಇಲ್ಲಿ ಪ್ರಸ್ತುತ. ಅಲ್ಲಿ ದಂಡೆಗಳಲ್ಲಿ ಬೀಡುಬಿಡುವ ವ್ಯಾನುಗಳ ಕೊಳೆಯಿಂದ ಬೇಸತ್ತ ಜನರ ಒತ್ತಾಯಕ್ಕೆ ಮಣಿದು 2011ರಲ್ಲಿ ಪ್ರತ್ಯೇಕ ಕಾಯಿದೆ ಬಂತು. 2023ರ ತಿದ್ದುಪಡಿಯ ಪ್ರಕಾರ, ಸ್ವಯಂಪೂರ್ಣ ವಾಹನವೆಂಬ ಪ್ರಮಾಣಪತ್ರ ಬೇಕಾದರೆ ವಾಹನದಲ್ಲಿ ಸ್ಥಿರವಾಗಿ ಜೋಡಿಸಿದ ಶೌಚಾಲಯ ಇರಲೇಬೇಕು. ನೆರೆಯ ಕೇರಳವು 2021ರಲ್ಲಿ ಕ್ಯಾರವಾನ್ ನೀತಿ ಪ್ರಕಟಿಸಿ, ಮರುವರ್ಷ ವಾಗಮಣ್‌ನಲ್ಲಿ ಮೊದಲ ಕ್ಯಾರವಾನ್ ಪಾರ್ಕ್ ಆರಂಭಿಸಿತು. ವಾಹನಕ್ಕಿಂತ ನಿಲ್ದಾಣ ಮುಖ್ಯ ಎಂಬುದನ್ನು ಎರಡೂ ಕಡೆ ಕಂಡುಕೊಂಡಂತಿದೆ.

ಊರಿಗೇನು ಉಳಿಯಿತು?

ಸುಸ್ಥಿರತೆ ಎಂಬುದು ಹೊಗೆ ಮತ್ತು ಕೊಳೆಯ ಲೆಕ್ಕ ಮಾತ್ರವಲ್ಲ. ಬೆಂಗಳೂರಿನಲ್ಲೇ ದಿನಸಿ, ನೀರಿನ ಬಾಟಲಿ ತುಂಬಿಕೊಂಡು ಬಂದು, ದಂಡೆಯಲ್ಲಿ ಬೇಯಿಸಿ ತಿಂದು, ಕಸ ಬಿಟ್ಟು ಹೋಗುವವನಿಂದ ಊರಿಗೆ ಉಳಿಯುವುದು ಕಸ ಮಾತ್ರ. ಅದರ ಬದಲು ಬೆಳಿಗ್ಗೆ ದಾವಣಗೆರೆಯಲ್ಲಿ ಬೆಣ್ಣೆದೋಸೆ, ಸಂಜೆ ಮಂಡಕ್ಕಿ-ಮಿರ್ಚಿ ತಿಂದರೆ ಎರಡು ಹೊತ್ತಿನ ಅನಿಲ, ಪಾತ್ರೆ ತೊಳೆಯುವ ನೀರು ಎರಡೂ ಉಳಿಯುತ್ತವೆ. ಹಣವೂ ಊರಲ್ಲೇ ಉಳಿಯುತ್ತದೆ. ತರಕಾರಿಯನ್ನು ಹರಿಹರದ ಸಂತೆಯಲ್ಲಿ ಕೊಳ್ಳಬಹುದು. ಹಸಿ ಕಸ, ಒಣ ಕಸ ಬೇರ್ಪಡಿಸಿ, ಒಣಕಸವನ್ನು ವಾಹನದಲ್ಲಿಯೇ ಇಟ್ಟುಕೊಂಡು ನಗರದ ಕಸ ಸಂಗ್ರಹಕ್ಕೆ ಒಪ್ಪಿಸುವುದು ಕನಿಷ್ಠ ಕರ್ತವ್ಯ.

ಬೇಕಿರುವುದು ಒಂದು ನಲ್ಲಿ, ಒಂದು ಗುಂಡಿ

ಇಷ್ಟೆಲ್ಲ ನಿಯಮಗಳನ್ನು ಪಾಲಿಸಬಯಸುವ ಪ್ರವಾಸಿಗೂ ಪೆಟ್ಟಿಗೆ ಖಾಲಿ ಮಾಡಲು ಒಂದು ಸ್ಥಳ ಬೇಕಲ್ಲವೇ? ಅದಕ್ಕೆ ಬೇಕಾದದ್ದು ದೊಡ್ಡ ಯೋಜನೆಯಲ್ಲ. ಇಳಿಜಾರಾದ ಒಂದು ಕಾಂಕ್ರೀಟ್ ಹಾಸು, ಒಳಚರಂಡಿಗೆ ಜೋಡಿಸಿದ ಮುಚ್ಚಳವಿರುವ ಗುಂಡಿ, ತೊಳೆಯಲು ಒಂದು ನಲ್ಲಿ, ಕುಡಿಯುವ ನೀರಿಗೆ ಇನ್ನೊಂದು ನಲ್ಲಿ, ಕೆಲವು ವಿದ್ಯುತ್ ಪ್ಲಗ್ಗುಗಳು, ರಾತ್ರಿ ದೀಪ. ಇವಿಷ್ಟಕ್ಕೆ ತಗಲುವ ವೆಚ್ಚವನ್ನು ಬಳಕೆದಾರರಿಂದ ಶುಲ್ಕವಾಗಿ ಪಡೆಯಬಹುದು.

ಇದರ ಲಾಭ ಕೆಲವೇ ಕ್ಯಾಂಪರ್ ವ್ಯಾನುಗಳಿಗೆ ಸೀಮಿತವಾಗಬೇಕಿಲ್ಲ. ಈ ಹೆದ್ದಾರಿಯಲ್ಲಿ ಚಕ್ರದ ಮೇಲೆಯೇ ಬದುಕುವವರು ಪ್ರವಾಸಿಗರಿಗಿಂತ ಮೊದಲೇ ಇದ್ದಾರೆ. ಲಾರಿ ಚಾಲಕರು, ಕ್ಲೀನರುಗಳು ವಾಹನದಲ್ಲೇ ಮಲಗುತ್ತಾರೆ, ರಸ್ತೆ ಬದಿಯಲ್ಲೇ ಅಡುಗೆ ಮಾಡಿಕೊಳ್ಳುತ್ತಾರೆ, ಸ್ನಾನ-ಶೌಚಕ್ಕೆ ಸಿಕ್ಕ ಜಾಗ ಹುಡುಕುತ್ತಾರೆ. ಜಾತ್ರೆಗೆ ಹೊರಟ ಟ್ರ್ಯಾಕ್ಟರು, ಬಂಡಿಗಳ ಜನರಿಗೂ ಇದೇ ಪಾಡು. ನಿಲ್ದಾಣವನ್ನು ಇವರೆಲ್ಲರಿಗೂ ಎಂದು ಕಟ್ಟಿದರೆ ಅದು ವರ್ಷವಿಡೀ ಬಳಕೆಯಾಗುತ್ತದೆ, ನದಿಗೆ ಬೀಳುವ ಹೊರೆಯೂ ಅಷ್ಟರಮಟ್ಟಿಗೆ ಇಳಿಯುತ್ತದೆ.

ಅಲ್ಲಿಯವರೆಗೆ ಹೊಣೆ ಪ್ರವಾಸಿಯದ್ದೇ. ಹೊರಡುವ ಮುನ್ನ ಹಾಸಿಗೆ, ಒಲೆ, ಸೌರಫಲಕಗಳನ್ನು ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ಆತ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ನಾಳಿದ್ದು ತುಂಬುವ ಟ್ಯಾಂಕನ್ನು ಖಾಲಿ ಮಾಡುವುದು ಎಲ್ಲಿ? ಉತ್ತರ ಸಿಕ್ಕ ಮೇಲೆ ಹೊರಟ ವ್ಯಾನು ಹರಿಹರದ ದಂಡೆಗೆ ಅತಿಥಿಯಾಗಿ ಬರುತ್ತದೆ. ಉತ್ತರವಿಲ್ಲದೆ ಹೊರಟದ್ದು ಇನ್ನೊಬ್ಬರ ಕೊಡಕ್ಕೆ ತನ್ನ ಕೊಳೆ ಹೊತ್ತು ತರುತ್ತದೆ.